ಸಹಾಯ ಬೇಕು: ಸೂಪರ್ ಮಾರ್ಕೆಟ್‌ನಲ್ಲಿ ಚೈನಾ ಗ್ರಾಸ್ ಯಾವ ಸಾಲಿನಲ್ಲಿರುತ್ತದೆ?

ಎಲ್ಲರಿಗೂ ನಮಸ್ಕಾರ. ಎಳನೀರಿನ ಪುಡಿಂಗ್ ಮಾಡಲು, ಅದನ್ನು ಗಟ್ಟಿಯಾಗಿಸುವ ಚೈನಾ ಗ್ರಾಸ್ ಬೇಕಾಗಿದ್ದು, ಹಾಸನದ ಬಿ.ಎಂ. ರಸ್ತೆಯ ದೊಡ್ಡ ಸೂಪರ್ ಮಾರ್ಕೆಟ್ ಒಂದರಲ್ಲಿ ಅದು ಎಲ್ಲಿದೆಯೆಂದೇ ತಿಳಿಯುತ್ತಿಲ್ಲ. ಪರಿಚಿತ ದಿನಸಿ ಅಂಗಡಿಯಲ್ಲಾದರೆ ಚೀಟಿ ಕೊಟ್ಟು ನಿಂತರೆ ಸಾಕು. ಇಲ್ಲಿ ಎಲ್ಲವನ್ನೂ ನಾವೇ ಹುಡುಕಿಕೊಳ್ಳಬೇಕು. ಕಸ್ಟರ್ಡ್ ಪುಡಿ, ಬೇಕಿಂಗ್ ಪೌಡರ್‌ಗಳ ಸಾಲನ್ನೂ ಶಾವಿಗೆ, ಸಬ್ಬಕ್ಕಿಗಳ ಸಾಲನ್ನೂ ನೋಡಿದ್ದಾಯಿತು. ಸಿಬ್ಬಂದಿಯನ್ನು ವಿಚಾರಿಸಿದಾಗ ಅವರು ಜೆಲಟಿನ್ ಪೊಟ್ಟಣವನ್ನು ಕೈಗಿತ್ತು, ಎರಡೂ ಒಂದೇ ಎಂದರು. ಆದರೆ ಚೈನಾ ಗ್ರಾಸ್, ಅಂದರೆ ಅಗರ್ ಅಗರ್, ಸಮುದ್ರದ ಪಾಚಿಯಿಂದ ತಯಾರಾಗುತ್ತದೆ. ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಬರುವಂಥದ್ದಾದ್ದರಿಂದ, ನಮ್ಮ ಸಸ್ಯಾಹಾರಿ ಮನೆಗೆ ಅದನ್ನು ಒಯ್ಯುವಂತಿಲ್ಲ (ಪೊಟ್ಟಣದ ಮೇಲೆ ಹಸಿರು ಚುಕ್ಕೆಯೂ ಇರಲಿಲ್ಲ). ಅದೂ ಅಲ್ಲದೆ, ಅಗರ್ ಸುಮಾರು 35–40 ಡಿಗ್ರಿ ಸೆಲ್ಸಿಯಸ್‌ಗೆ ತಣಿಯುವಾಗಲೇ ಗಟ್ಟಿಯಾಗುತ್ತದೆ, ಜೆಲಟಿನ್‌ಗೆ ಫ್ರಿಜ್ ಬೇಕು. ಹೀಗಾಗಿ ಅಳತೆಯೂ ವಿಧಾನವೂ ಬೇರೆಯಾಗುತ್ತವೆ.

ನನ್ನ ಗೊಂದಲ ಇಷ್ಟೇ: ಇದನ್ನು ಬೇಕರಿ ಸಾಮಗ್ರಿಗಳ ಜೊತೆ ಇಡುತ್ತಾರೋ, ಒಣಹಣ್ಣು ಮತ್ತು ಮಸಾಲೆಗಳ ಜೊತೆಯೋ, ಅಥವಾ ಗ್ರಂಥಿಗೆ ಅಂಗಡಿಯಲ್ಲೇ ಕೇಳಬೇಕೋ? ಹಾಸನದಲ್ಲಿ ಇತ್ತೀಚೆಗೆ ಕೊಂಡವರು, ಅದು ಯಾವ ಬಗೆಯ ಅಂಗಡಿಯ ಯಾವ ಸಾಲಿನಲ್ಲಿ, ಎಳೆಗಳಾಗಿ ಸಿಕ್ಕಿತೋ ಪುಡಿಯಾಗಿ ಸಿಕ್ಕಿತೋ ಎಂಬುದನ್ನು ದಯವಿಟ್ಟು ತಿಳಿಸುವಿರಾ?