ಮಲಗಿದಾಗ ಮಾತ್ರ ನಾಯಿಗೆ ಉಚ್ಚೆ ಸೋರುತ್ತೆ, ನಿಂತಾಗ ಇಲ್ಲ. ಯಾಕೆ?

ಪ್ರಶ್ನೆ:
ನಮ್ಮ ಲ್ಯಾಬ್ರಡಾರ್ ಹೆಣ್ಣು, ವಯಸ್ಸು 6, ಸ್ಪೇ (ಮರಿ ಆಗದ ಹಾಗೆ ಮಾಡೋ ಆಪರೇಷನ್) ಆಗಿದೆ. ಎದ್ದು ಓಡಾಡ್ಕೊಂಡಿದ್ದಾಗ ಒಂದು ಹನಿನೂ ಬೀಳಲ್ಲ, ಹೊರಗೆ ಕರ್ಕೊಂಡು ಹೋದ್ರೆ ಕೂತು ನೀಟಾಗಿ ಉಚ್ಚೆ ಹೊಯ್ಯುತ್ತೆ, ಆದ್ರೆ ಗಾಢವಾಗಿ ನಿದ್ದೆ ಮಾಡಿ ಎದ್ರೆ ಮಲಗಿದ್ದ ಜಾಗ ಪೂರ್ತಿ ಒದ್ದೆ, ಅದಕ್ಕೆ ಗೊತ್ತೇ ಆಗಿರಲ್ಲ ಪಾಪ. ಸ್ಪಿಂಕ್ಟರ್ (ಉಚ್ಚೆ ಹಿಡಿದಿಡೋ ಸ್ನಾಯು) ವೀಕ್ ಆಗಿದ್ರೆ ನಿಂತಾಗ ತಾನೇ ಜಾಸ್ತಿ ಸೋರ್ಬೇಕು? ನೀರು ಕಮ್ಮಿ ಕೊಡ್ಲಾ?

ಉತ್ತರ 1:
ಮೊದ್ಲು ಒಂದು ಮಾತು, ನೀರು ಕಮ್ಮಿ ಮಾಡ್ಬೇಡಿ, ಬೈಯ್ಲೂ ಬೇಡಿ, ಅದು ಬೇಕಂತ ಮಾಡ್ತಿಲ್ಲ.

ನಿಂತಾಗ ಜಾಸ್ತಿ ಸೋರ್ಬೇಕು ಅನ್ನೋದು ಮನುಷ್ಯರ ಲೆಕ್ಕ. ನಾಯಿ ನಾಲ್ಕು ಕಾಲ ಮೇಲೆ ನಿಂತಾಗ ಬ್ಲಾಡರ್ (ಉಚ್ಚೆ ಚೀಲ) ಹೊಟ್ಟೆಯ ತಳಕ್ಕೆ, ಮುಂದಕ್ಕೆ ಜೋತು ಬಿದ್ದಿರುತ್ತೆ, ಯುರೆತ್ರಾ (ಉಚ್ಚೆ ಹೊರಗೆ ಹೋಗೋ ನಾಳ) ಅಲ್ಲಿಂದ ಹಿಂದಕ್ಕೆ ಪೆಲ್ವಿಸ್ (ಸೊಂಟದ ಮೂಳೆಗಳ ನಡುವಿನ ಜಾಗ) ಒಳಗೆ ಹೋಗುತ್ತೆ, ಅಂದ್ರೆ ತೂಕ ಬೀಳೋದು ಬಾಗಿಲ ಕಡೆಗಲ್ಲ. ಮಲಗಿದ ತಕ್ಷಣ ಆ ಅನುಕೂಲ ಹೋಯ್ತು. ಹೊಟ್ಟೆಯ ಅಂಗಾಂಗಗಳ ಒತ್ತಡ ಬ್ಲಾಡರ್ ಮೇಲೆ ಬೀಳುತ್ತೆ, ಕೆಲವು ನಾಯಿಗಳಲ್ಲಿ ಬ್ಲಾಡರ್ ಕುತ್ತಿಗೆ (ಬ್ಲಾಡರ್ ಯುರೆತ್ರಾಗೆ ಸೇರೋ ಭಾಗ) ಹಿಂದಕ್ಕೆ ಸರಿದು ಪೆಲ್ವಿಸ್ ಒಳಗೇ ಸೇರ್ಕೊಳ್ಳುತ್ತೆ. ಕುತ್ತಿಗೆ ಹೊಟ್ಟೆಯೊಳಗೇ ಇದ್ರೆ ಒತ್ತಡ ಬ್ಲಾಡರ್ ಜೊತೆ ಯುರೆತ್ರಾನೂ ಅದುಮಿ ಮುಚ್ಚುತ್ತೆ, ಹಿಂದೆ ಸರಿದ್ರೆ ಬ್ಲಾಡರ್ ಮಾತ್ರ ಒತ್ತಿಸ್ಕೊಳ್ಳುತ್ತೆ, ಹಿಡ್ಕೊಳ್ಳೋ ಕೆಲಸವೆಲ್ಲ ಸ್ಪಿಂಕ್ಟರ್ ಒಂದರ ಮೇಲೇ. ಅದರ ಬಿಗಿ ಸ್ವಲ್ಪ ಕಮ್ಮಿ ಇದ್ರೂ ಸಾಕು, ಸೋರುತ್ತೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಅದಕ್ಕೆ ನಿದ್ದೆನೂ ಸೇರಿಸ್ಕೊಳ್ಳಿ. ಸ್ಪಿಂಕ್ಟರ್ ಅಂದ್ರೆ ಒಂದೇ ಸ್ನಾಯು ಅಲ್ಲ. ಒಳಗಡೆದು ತಾನಾಗೇ ಕೆಲಸ ಮಾಡೋ ನುಣುಪು ಸ್ನಾಯು, ಅದನ್ನ ನಡೆಸೋದು ಹೈಪೊಗ್ಯಾಸ್ಟ್ರಿಕ್ ಅನ್ನೋ ನರ್ವ್ (ನರ). ಹೊರಗಡೆದು ಪ್ಯುಡೆಂಡಲ್ ನರ್ವ್‌ನಿಂದ ನಡೆಯೋದು, ಕೆಮ್ಮಿದಾಗ, ತಟ್ಟನೆ ಎದ್ದಾಗ ಒತ್ತಡ ಏರಿದ್ರೆ ಇದೇ ಬಿಗಿಯಾಗೋದು, ಎಚ್ಚರ ಇದ್ದಾಗ ನಾಯಿಯೂ ಬೇಕಂತ ಹಿಡಿದಿಟ್ಕೊಳ್ಳಬಹುದು. ಗಾಢ ನಿದ್ದೇಲಿ ಆ ಸಹಾಯ ಸಿಗಲ್ಲ.

ಸ್ಪೇ ಆದ ಹೆಣ್ಣು ನಾಯಿಗಳಲ್ಲಿ ಇದು ತುಂಬಾ ಕಾಮನ್, ಅದ್ರಲ್ಲೂ ದೊಡ್ಡ ತಳಿಗಳಲ್ಲಿ, ತೂಕ ಜಾಸ್ತಿ ಇದ್ರೆ ಇನ್ನೂ ಹೆಚ್ಚು. ಆಪರೇಷನ್ ಆಗಿ ಎಷ್ಟೋ ವರ್ಷ ಆದ್ಮೇಲೂ ಶುರುವಾಗಬಹುದು. ವೆಟ್ ಮೊದ್ಲು ಯೂರಿನ್ ಟೆಸ್ಟ್ ಮಾಡಿ ಇನ್ಫೆಕ್ಷನ್, ಶುಗರ್ ಇಲ್ಲ ಅಂತ ನೋಡ್ತಾರೆ, ಆಮೇಲೆ ಫೀನೈಲ್‌ಪ್ರೊಪನೊಲಮೈನ್ ಅಥವಾ ಎಸ್ಟ್ರಿಯಾಲ್ ಅನ್ನೋ ಔಷಧಿ ಕೊಡ್ತಾರೆ, ಹೆಚ್ಚಿನ ನಾಯಿಗಳಿಗೆ ಚೆನ್ನಾಗೇ ಕೆಲಸ ಮಾಡುತ್ತೆ. ಮೊದಲನೇದು ಬಿಪಿ ಏರಿಸಬಹುದು, ಅದಕ್ಕೇ ನೀವೇ ತಂದು ಕೊಡೋಕೆ ಹೋಗ್ಬೇಡಿ.

ಉತ್ತರ 3:
ವೆಟ್ ಹತ್ರ ಹೋಗೋ ಮುಂಚೆ ಫೋನಲ್ಲಿ ವಿಡಿಯೋ ಮಾಡ್ಕೊಳ್ಳಿ ಪ್ಲೀಸ್, ಮಲಗಿದ್ದಾಗ, ಏಳುವಾಗ, ಕೂತು ಹೊಯ್ಯುವಾಗ ಮೂರೂ. ಯಾವ ಭಂಗಿಲಿ ಸೋರುತ್ತೆ ಅನ್ನೋದ್ರಿಂದನೇ ಅರ್ಧ ಕಾರಣ ಸಿಗುತ್ತೆ. ಮರಿಯಿಂದಲೇ ನಿಂತ್ರೂ ಮಲಗಿದ್ರೂ ಸದಾ ತೊಟ್ಟಿಕ್ತಿದ್ರೆ ಯುರೀಟರ್ (ಕಿಡ್ನಿಯಿಂದ ಬ್ಲಾಡರ್‌ಗೆ ಉಚ್ಚೆ ತರೋ ನಾಳ) ತಪ್ಪು ಜಾಗಕ್ಕೆ ಸೇರಿರೋ ಹುಟ್ಟು ತೊಂದರೆ ಇರಬಹುದು. ಕೂತು ತಿಣುಕಿ ತಿಣುಕಿ ಹನಿ ಹನಿ ಬಂದ್ರೆ ಕಲ್ಲೋ ಇನ್ಫೆಕ್ಷನ್ನೋ ನೋಡ್ಬೇಕು. ಹಿಂಗಾಲು ತೂರಾಡೋದು, ಬಾಲ ಸೋತು ಬೀಳೋದು, ಕಕ್ಕನೂ ಗೊತ್ತಿಲ್ದೆ ಬೀಳೋದು, ಇವುಗಳಲ್ಲಿ ಒಂದು ಕಂಡ್ರೂ ಬೆನ್ನುಹುರಿ ತೊಂದರೆ ಇರಬಹುದು, ಅವತ್ತೇ ಕರ್ಕೊಂಡು ಹೋಗಿ.

ಪ್ರಶ್ನೆ ಕೇಳಿದವರು:
ತೂಕ ನಿಜವಾಗ್ಲೂ ಜಾಸ್ತಿ ಇದೆ. ಕಾಲು, ಬಾಲ ಎಲ್ಲ ಸರಿ ಇದೆ. ಇವತ್ತು ರಾತ್ರಿನೇ ವಿಡಿಯೋ ಮಾಡ್ತೀನಿ, ಬೆಳಗಿನ ಮೊದಲ ಯೂರಿನ್ ಹಿಡ್ಕೊಂಡು ಹೋದ್ರೆ ಸಾಕಾ?

ಉತ್ತರ 2:
ಸಾಕು, ಬೆಳಗಿನದೇ ಒಳ್ಳೇದು, ಎಷ್ಟು ಗಟ್ಟಿ ಇದೆ ಅಂತನೂ ಗೊತ್ತಾಗುತ್ತೆ. ಕ್ಲೀನ್ ಡಬ್ಬಿಲಿ ಹಿಡಿದು ಬೇಗ ತಲುಪಿಸಿ.