ಮನೆಯವರಿಗೆ ತಿಳಿಸದೆ ಮನೋವೈದ್ಯರ ಬಳಿ ಹೋಗಬಹುದೇ?

ಹೇಮಾವತಿ ತೀರ:
ಹಾಸನ ಜಿಲ್ಲೆಯ ಒಂದು ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ನನಗೀಗ 19 ವರ್ಷ. ಗೌರಿಹಬ್ಬಕ್ಕೆ ಊರಿಗೆ ಹೋಗಿ ಬಂದ ಮೇಲೆ ನಿದ್ದೆ ಕೆಟ್ಟಿದೆ. ಬೆಳಗಿನ ಜಾವ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ, ಊಟ ರುಚಿಸುವುದಿಲ್ಲ, ತರಗತಿಯ ಬಾಗಿಲವರೆಗೆ ಹೋಗಿ ಎದೆ ಬಿಗಿದಂತಾಗಿ ಹಾಸ್ಟೆಲ್‌ಗೆ ಹಿಂದಿರುಗಿದ್ದೂ ಇದೆ. ಹಾಜರಾತಿ ಕಡ್ಡಾಯವಾದ ಶೇ. 85ಕ್ಕಿಂತ ಕೆಳಗಿಳಿದಿದೆ. ಕಾಲೇಜಿನ ಆಪ್ತಸಮಾಲೋಚಕಿ ನನ್ನ ಮಾತನ್ನೆಲ್ಲ ಕೇಳಿ, ಮನೋವೈದ್ಯರನ್ನು ಒಮ್ಮೆ ಕಾಣುವುದು ಒಳ್ಳೆಯದು ಎಂದರು. ಅಪ್ಪನಿಗೆ ತಿಳಿದರೆ ಓದು ಬಿಡಿಸಿ ಊರಿಗೆ ಕರೆದೊಯ್ಯುತ್ತಾರೆ, ಅಮ್ಮನಿಗೆ ತಿಳಿದರೆ ಹರಕೆ ತಾಯತಗಳ ದಾರಿ ಹಿಡಿಯುತ್ತಾರೆ ಎಂಬ ಭಯವಿದೆ. ಮನೆಯಲ್ಲಿ ಹೇಳದೆ ಹೋಗುವುದು ತಪ್ಪೇ? ಮಾತ್ರೆ ಒಮ್ಮೆ ಹಿಡಿದರೆ ಜೀವನಪೂರ್ತಿ ಬಿಡಲಾಗುವುದಿಲ್ಲ ಎನ್ನುತ್ತಾರಲ್ಲ, ಅದು ನಿಜವೇ? ತಿಳಿದವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಉಪನ್ಯಾಸಕ, ತುಮಕೂರು:
ತಂಗಿ, ನಿಮ್ಮ ಕಷ್ಟವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಪಿಯು ಕಾಲೇಜಿನಲ್ಲಿ ದೀರ್ಘಕಾಲ ಪಾಠ ಮಾಡಿದ ನನಗೆ ನಿಮ್ಮಂಥ ಮಕ್ಕಳ ಪರಿಚಯ ಚೆನ್ನಾಗಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಊರಿಗೆಲ್ಲ ಜಾಣೆ ಎನ್ನಿಸಿಕೊಂಡವಳು ನಗರದ ಕಾಲೇಜಿನ ಮೊದಲ ಪರೀಕ್ಷೆಯಲ್ಲಿ ಎರಡು ವಿಷಯ ಉಳಿಸಿಕೊಂಡರೆ ಕಂಗಾಲಾಗುವುದು ಸಹಜ. ಆದರೆ ಸಹಜವಾದ ದುಃಖಕ್ಕೂ ಭಯಕ್ಕೂ ಕಾಯಿಲೆಯ ಹೆಸರಿಟ್ಟು ಮಾತ್ರೆ ಕೊಡುವ ಪ್ರವೃತ್ತಿ ಈಚೆಗೆ ಹೆಚ್ಚುತ್ತಿದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಮುಖ್ಯವಾಗಿ, ಹೆತ್ತವರಿಂದ ಮುಚ್ಚಿಟ್ಟು ಚಿಕಿತ್ಸೆ ಪಡೆಯುವುದನ್ನು ನಾನು ಒಪ್ಪಲಾರೆ. ರಾತ್ರಿ ಎರಡು ಗಂಟೆಗೆ ನಿಮಗೆ ತೀರಾ ಸಂಕಟವಾದರೆ ಹಾಸ್ಟೆಲ್‌ನಲ್ಲಿ ನಿಮ್ಮ ಪಕ್ಕದಲ್ಲಿ ಕೂರುವವರು ಯಾರು? ಆ ಹೊತ್ತಿಗೆ ಬಸ್ಸು ಹತ್ತಿ ಬರುವವರು ನಿಮ್ಮ ಅಪ್ಪ ಅಮ್ಮನೇ. ಮೊದಲು ಅವರಿಗೆ ಹೇಳಿ, ಆಮೇಲೆ ವೈದ್ಯರ ಮಾತು.

ಶುಶ್ರೂಷಕಿ, ಉತ್ತರ ಕನ್ನಡ:
ಮೇಷ್ಟ್ರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ನೀವು ಹೇಳುವ ಕ್ರಮ ತಲೆಕೆಳಗಾಗಿದೆ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ತಾಲ್ಲೂಕಿಗೆ ಬರುತ್ತಾರೆ. ಆ ದಿನ ಚೀಟಿ ಮಾಡಿಸಲು ನಿಂತ ಹುಡುಗಿಯರಲ್ಲಿ ಹೆಚ್ಚಿನವರು ಕೌಂಟರಿನಲ್ಲಿ ಹೇಳುವುದು ತಲೆನೋವು, ಹೊಟ್ಟೆನೋವು ಅಥವಾ ಸುಸ್ತು ಎಂದೇ. ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತುತ್ತಾ ‘ರಾತ್ರಿ ನಿದ್ದೆ ಬರುತ್ತದೆಯಾ?’ ಎಂದು ಮೆಲ್ಲನೆ ಕೇಳಿದರೆ ಸಾಕು, ಕಣ್ಣಲ್ಲಿ ನೀರು ಬರುತ್ತದೆ. ಜೊತೆಗೆ ಬಂದ ತಾಯಿ ಅಥವಾ ಅಣ್ಣ ಪಕ್ಕದಲ್ಲಿಯೇ ನಿಂತಿದ್ದರೆ ಅದೇ ಹುಡುಗಿ ‘ಏನಿಲ್ಲ ಸಿಸ್ಟರ್’ ಎನ್ನುತ್ತಾಳೆ. ಮನೆಯವರ ಮುಂದೆ ಬಾಯಿ ಬಿಡಲಾರದವಳಿಗೆ ‘ಮೊದಲು ಮನೆಯಲ್ಲಿ ಹೇಳು’ ಎಂಬ ಷರತ್ತು ಹಾಕಿದರೆ ಅವಳು ಎಲ್ಲಿಯೂ ಹೇಳದೆ ಉಳಿಯುತ್ತಾಳೆ. ಹೇಮಾವತಿ ತೀರ ಅವರೇ, ನಿಮಗೆ 18 ತುಂಬಿದೆ. ನಿಮ್ಮ ಚಿಕಿತ್ಸೆಗೆ ನಿಮ್ಮ ಒಪ್ಪಿಗೆಯೇ ಸಾಕು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಮಾಹಿತಿಯನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು.

ಎರಡು ಮಕ್ಕಳ ತಾಯಿ:
ಕಾನೂನು ಹೇಳುವುದನ್ನು ಕಾನೂನು ಹೇಳಲಿ. ತಾಯಿಯೊಬ್ಬಳ ಮಾತನ್ನೂ ಕೇಳಿ. ನನ್ನ ಮಗ ಮೈಸೂರಿನಲ್ಲಿ ಓದುತ್ತಿದ್ದಾಗ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ ಸಂಗತಿ ನನಗೆ ತಿಳಿದದ್ದು ಅವನ ಬಟ್ಟೆ ಒಗೆಯಲು ತೆಗೆದಾಗ, ಜೇಬಿನಲ್ಲಿ ಸಿಕ್ಕ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಯಿಂದ. ಅದು ಯಾವುದರ ಮಾತ್ರೆ ಎಂದು ಪಕ್ಕದ ಔಷಧಿ ಅಂಗಡಿಯವರನ್ನು ಕೇಳಬೇಕಾಯಿತು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಷ್ಟು ಕಾಲ ಅವನೊಬ್ಬನೇ ಅನುಭವಿಸಿದನಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ. ನಮ್ಮ ತಲೆಮಾರಿನವರು ಮೊದಲ ದಿನ ತಪ್ಪು ಮಾತು ಆಡಿಯೇವು. ಯಾರ ಕಣ್ಣು ಬಿತ್ತೋ ಎಂದೇವು, ದೃಷ್ಟಿ ತೆಗೆದೇವು, ಧರ್ಮಸ್ಥಳಕ್ಕೆ ಮುಡಿಪು ಕಟ್ಟಿಟ್ಟೇವು. ಆದರೆ ಅಮ್ಮ ಹರಕೆ ಹೊರುವುದಕ್ಕೂ ಮಗಳು ಮಾತ್ರೆ ತೆಗೆದುಕೊಳ್ಳುವುದಕ್ಕೂ ಜಗಳವೇಕೆ? ಎರಡೂ ಒಟ್ಟಿಗೆ ನಡೆಯಬಹುದು. ಎರಡನೇ ದಿನ, ಎರಡನೇ ವಾರ ನಮಗೂ ಅರ್ಥವಾಗುತ್ತದೆ ಎಂಬ ನಂಬಿಕೆಯನ್ನು ಮಕ್ಕಳು ಇಟ್ಟುಕೊಳ್ಳಬೇಕು.

ಧಾರವಾಡದ ಓದುಗ:
ಅಮ್ಮಾ, ನಿಮ್ಮಂಥ ತಾಯಿ ಎಲ್ಲರಿಗೂ ಸಿಗುವುದಿಲ್ಲ. ಇಂಜಿನಿಯರಿಂಗ್ ಓದುವಾಗ ನಾನೂ ಆತಂಕದ ಕಾಯಿಲೆಗೆ ಚಿಕಿತ್ಸೆ ಪಡೆದವನು. ನನ್ನ ಕಾಲೇಜಿನ ಆಪ್ತಸಮಾಲೋಚಕರು ನಾನು ಹೇಳಿದ್ದನ್ನು ವಿಭಾಗದ ಮುಖ್ಯಸ್ಥರಿಗೆ ಮುಟ್ಟಿಸಿದರು. ಅವರು ಮನೆಗೆ ಫೋನ್ ಮಾಡಿ ‘ನಿಮ್ಮ ಹುಡುಗನ ತಲೆ ಸರಿಯಿಲ್ಲ, ಕರೆದುಕೊಂಡು ಹೋಗಿ’ ಎಂದರು. ಒಂದು ಸೆಮಿಸ್ಟರ್ ಹಾಳಾಯಿತು. ಅದಾದ ಮೇಲೆ ಯಾರ ಬಳಿಯೂ ಮಾತನಾಡಬಾರದು ಎಂದು ಬಹಳ ಕಾಲ ಹಟ ಹಿಡಿದಿದ್ದೆ. ಕೊನೆಗೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಚಿಕಿತ್ಸೆ ಆರಂಭವಾಗಿ, ಓದು ಮುಗಿಸಿ, ಈಗ ಕೆಲಸದಲ್ಲಿದ್ದೇನೆ. ಆದ್ದರಿಂದ ನನ್ನ ಸಲಹೆ ಇಷ್ಟೆ: ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಎಂಬ ನಿರ್ಧಾರ ನಿಮ್ಮ ಕೈಯಲ್ಲಿಯೇ ಇರಲಿ. ಮೊದಲ ಹೆಜ್ಜೆಗೆ ಆಸ್ಪತ್ರೆಯೇ ಬೇಕೆಂದಿಲ್ಲ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ರಾಷ್ಟ್ರೀಯ ಸೇವೆಯ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಮೇಷ್ಟ್ರು ಕೇಳಿದ ರಾತ್ರಿ ಎರಡು ಗಂಟೆಯ ಪ್ರಶ್ನೆಗೆ ಇದೂ ಒಂದು ಉತ್ತರ.

ನಿವೃತ್ತ ಉಪನ್ಯಾಸಕ, ತುಮಕೂರು:
ಫೋನಿನ ಆ ತುದಿಯಲ್ಲಿರುವ ದನಿ ಬಂದು ತಲೆ ನೇವರಿಸುವುದಿಲ್ಲ ಎಂಬ ನನ್ನ ಮಾತು ಹಾಗೇ ಉಳಿಯುತ್ತದೆ. ಧಾರವಾಡದವರಿಗೆ ಆದದ್ದು ಅನ್ಯಾಯ. ವಿದ್ಯಾರ್ಥಿಯ ಗುಟ್ಟನ್ನು ಕಾಪಾಡಲಾರದವರು ಆ ಕುರ್ಚಿಯಲ್ಲಿ ಕೂರಬಾರದು. ಆದರೆ ಮಾತ್ರೆಯ ಬಗ್ಗೆ ಯಾರೂ ಉತ್ತರಿಸಿಲ್ಲ. ನಿದ್ದೆ ಬರುವುದಿಲ್ಲವೆಂದು ಮಾತ್ರೆ ಆರಂಭಿಸಿ, ಅದಿಲ್ಲದೆ ಮಲಗಲಾರದ ಸ್ಥಿತಿಗೆ ಬಂದವರನ್ನು ನನ್ನ ಬಂಧುಗಳಲ್ಲಿಯೇ ಕಂಡಿದ್ದೇನೆ. 19ರ ಹುಡುಗಿಯ ಮುಂದೆ ಆ ಅಪಾಯವನ್ನು ಮರೆಮಾಚುವುದು ಸರಿಯಲ್ಲ.

ಮನೋವೈದ್ಯ, ಮೈಸೂರು:
ಉಪನ್ಯಾಸಕರ ಭಯದಲ್ಲಿ ಸತ್ಯಾಂಶವಿದೆ, ಆದರೆ ಎರಡು ಬೇರೆ ಬೇರೆ ಬಗೆಯ ಔಷಧಿಗಳು ಅಲ್ಲಿ ಒಂದಾಗಿಬಿಟ್ಟಿವೆ. ಆಲ್‌ಪ್ರಜೋಲಾಮ್, ಕ್ಲೊನಾಜೆಪಾಮ್‌ನಂಥವು ಆತಂಕವನ್ನು ಬೇಗ ತಗ್ಗಿಸುತ್ತವೆ, ಆದರೆ ವಾರಗಟ್ಟಲೆ ಎಡೆಬಿಡದೆ ತೆಗೆದುಕೊಂಡರೆ ದೇಹ ಅವಕ್ಕೆ ಒಗ್ಗಿಹೋಗುತ್ತದೆ. ಆದ್ದರಿಂದಲೇ ಅವನ್ನು ಅಲ್ಪಾವಧಿಗೆ ಮಾತ್ರ ಬರೆಯಬೇಕು, ಚೀಟಿಯಿಲ್ಲದೆ ಮಾರುವಂತಿಲ್ಲ. ಹಾಸ್ಟೆಲ್ ಗೆಳತಿ ಕೊಟ್ಟಳೆಂದು ನಿದ್ದೆಮಾತ್ರೆ ನುಂಗುವುದನ್ನು ಖಂಡಿತ ಮಾಡಬೇಡಿ. ಖಿನ್ನತೆಗೆ ಸಾಮಾನ್ಯವಾಗಿ ಮೊದಲು ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಫ್ಲುವಾಕ್ಸೆಟಿನ್, ಎಸಿಟಲೋಪ್ರಾಮ್‌ನಂಥ ಮಾತ್ರೆಗಳು ಆ ರೀತಿಯ ಚಟ ಹಿಡಿಸುವುದಿಲ್ಲ. ಅವು ಪರಿಣಾಮ ತೋರಲು ಎರಡರಿಂದ ಆರು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು, ಕೆಲವರಿಗೆ ತಳಮಳ ಹೆಚ್ಚಾಗಬಹುದು. ‘ಮಾತ್ರೆ ತಿಂದರೂ ಗುಣವಾಗಲಿಲ್ಲ’ ಎಂದು ಎರಡನೇ ವಾರದಲ್ಲಿಯೇ ಬಿಟ್ಟುಬಿಡುವವರು ಬಹಳ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ವೈದ್ಯರ ಸೂಚನೆಯಂತೆ ನಿಧಾನವಾಗಿ ಇಳಿಸುತ್ತಾ ನಿಲ್ಲಿಸಬೇಕು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಕಿರಿಕಿರಿ ಕಾಣಿಸಿಕೊಳ್ಳುತ್ತವೆ.

ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. 25 ವರ್ಷದೊಳಗಿನವರಲ್ಲಿ ಕೆಲವರಿಗೆ ಈ ಮಾತ್ರೆಗಳ ಆರಂಭದ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳ ಬಗ್ಗೆ, 2007ರಲ್ಲಿ ಯುವಜನರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹಾಗೆಂದು ಚಿಕಿತ್ಸೆಯೇ ಬೇಡವೆಂದಲ್ಲ, ಖಿನ್ನತೆಯನ್ನು ಹಾಗೆಯೇ ಬಿಡುವುದೂ ಅಪಾಯವೇ. ಆ ವಾರಗಳಲ್ಲಿ ವೈದ್ಯರು ಬೇಗ ಬೇಗ ಕರೆದು ನೋಡಬೇಕು, ಹತ್ತಿರದವರೊಬ್ಬರಿಗೆ ವಿಷಯ ತಿಳಿದಿರಬೇಕು. ಅಷ್ಟರ ಮಟ್ಟಿಗೆ ಉಪನ್ಯಾಸಕರ ಪಕ್ಷ ನನ್ನದು. ಆದರೆ ಆ ಹತ್ತಿರದವರು ಅಪ್ಪನೇ ಆಗಿರಬೇಕೆಂದಿಲ್ಲ.

ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ. ತೀವ್ರತೆ ಕಡಿಮೆಯಿದ್ದರೆ ಸಿಬಿಟಿಯಂಥ ಮಾತಿನ ಚಿಕಿತ್ಸೆಯಿಂದಲೇ ಆರಂಭಿಸಬಹುದು. ಮೊದಲ ಭೇಟಿಯಲ್ಲಿ ಬಹುಪಾಲು ನಡೆಯುವುದು ಮಾತುಕತೆ: ನಿದ್ದೆ, ಹಸಿವು, ಗಮನ, ಕುಟುಂಬದಲ್ಲಿ ಯಾರಿಗಾದರೂ ಇಂಥ ತೊಂದರೆಯಿತ್ತೇ, ಬದುಕು ಬೇಡವೆನಿಸಿದೆಯೇ ಎಂದೆಲ್ಲ ಕೇಳುತ್ತಾರೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಬರೆದುಕೊಟ್ಟರೆ ಆಶ್ಚರ್ಯಪಡಬೇಡಿ; ಅವುಗಳ ಕೊರತೆಯೂ ಇದೇ ಲಕ್ಷಣಗಳನ್ನು ತೋರಬಲ್ಲದು. ನಿಮಗೆ ನೇರವಾಗಿಯೇ ಕೇಳುತ್ತೇನೆ: ಸಾಯಬೇಕೆಂಬ ಯೋಚನೆ ಬರುತ್ತಿದೆಯೇ? ಬರುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಇಂದೇ ಹತ್ತಿರದ ಯಾವುದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಹೇಮಾವತಿ ತೀರ:
ಸರ್, ಅಂಥ ಯೋಚನೆ ಬಂದಿಲ್ಲ. ಯಾವುದೂ ಬೇಡ, ಸುಮ್ಮನೆ ಮಲಗಿರೋಣ ಎನ್ನಿಸುತ್ತದೆ. ನೇರವಾಗಿ ಕೇಳಿದ್ದಕ್ಕೆ ಧನ್ಯವಾದ. ಇದುವರೆಗೆ ಯಾರೂ ಕೇಳಿರಲಿಲ್ಲ. ನನ್ನನ್ನು ಹೆಚ್ಚು ಕಾಡುತ್ತಿರುವುದು ದಾಖಲೆಯ ಭಯ. ಮುಂದೆ ಕ್ಯಾಂಪಸ್ ಸಂದರ್ಶನದಲ್ಲಿ, ಸಂಬಂಧ ನೋಡುವಾಗ ಇದು ಹೊರಬಂದರೆ?

ಧಾರವಾಡದ ಓದುಗ:
ಆಸ್ಪತ್ರೆಯ ದಾಖಲೆಯನ್ನು ಕಾಲೇಜಾಗಲಿ ಕಂಪನಿಯಾಗಲಿ ನಿಮ್ಮ ಒಪ್ಪಿಗೆಯಿಲ್ಲದೆ ತರಿಸಿಕೊಳ್ಳಲಾಗದು. ನನ್ನ ಸಂದರ್ಶನದಲ್ಲಿ ಯಾರೂ ಇದನ್ನು ಕೇಳಲಿಲ್ಲ. ಮದುವೆಯ ಮಾತು ಬೇರೆ. ನಾನು ಹುಡುಗಿಯ ಮನೆಯವರಿಗಲ್ಲ, ಹುಡುಗಿಗೇ ಹೇಳಿದೆ. ಆಕೆ ಕೇಳಿದ್ದು ‘ಈಗ ಹೇಗಿದ್ದೀರಿ?’ ಎಂಬ ಒಂದೇ ಪ್ರಶ್ನೆ. ಎಲ್ಲ ಕಡೆಯೂ ಹೀಗೆಯೇ ಆಗುತ್ತದೆಂದು ಮಾತು ಕೊಡಲಾರೆ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ ನಮ್ಮ ಸಮಾಜ ಇದರಲ್ಲಿ ಹೆಚ್ಚು ನಿರ್ದಯವಾಗಿದೆ ಎಂಬುದು ನಿಜ. ಆದರೆ ಯಾರೋ ಮುಂದೊಂದು ದಿನ ಬೇಡವೆಂದಾರು ಎಂಬ ಊಹೆಗೆ ಇಂದಿನ ನಿದ್ದೆ, ಊಟ, ಓದು ಮೂರನ್ನೂ ಬಲಿಕೊಡಬೇಡಿ.

ಶುಶ್ರೂಷಕಿ, ಉತ್ತರ ಕನ್ನಡ:
ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿದ್ದವರಲ್ಲಿ ಶೇ. 80ಕ್ಕೂ ಹೆಚ್ಚು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಪೂರ್ವಪರೀಕ್ಷೆ ಮಾತ್ರ ಕೋಲಾರದಲ್ಲಿ ನಡೆದಿತ್ತು. ಆದರೂ ನಮ್ಮ ಹೊರರೋಗಿ ವಿಭಾಗದಲ್ಲಿ ಕಾಣುವ ಚಿತ್ರ ಬೇರೆಯಲ್ಲ. ಇದು ಹಳ್ಳಿಯ ಜನಕ್ಕೆ ತಿಳಿವಳಿಕೆಯಿಲ್ಲವೆಂಬ ಒಂದೇ ಕಾರಣಕ್ಕೂ ಅಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶಕ್ಕೆ ಕೊಟ್ಟದ್ದೇ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆದ ಪ್ರಯೋಗ; ಅಂಥ ರಾಜ್ಯದಲ್ಲಿ ಇಂದಿಗೂ ಹುಡುಗಿಯೊಬ್ಬಳು ಮೊದಲ ಭೇಟಿಗೆ ಮುನ್ನ ಮದುವೆಯ ಲೆಕ್ಕ ಹಾಕಬೇಕಾಗಿದೆ. ಮೇಷ್ಟ್ರೇ, ನೀವು ಹೇಳುವ ಪರೀಕ್ಷೆಯ ಭಯ ಪರೀಕ್ಷೆ ಮುಗಿದ ಮೇಲೆ ಹೋಗುತ್ತದೆ. ಎರಡು ವಾರ ದಾಟಿ, ದಿನದ ಬಹುಪಾಲು ಹೊತ್ತು ಕಾಡಿ, ನಿತ್ಯದ ಕೆಲಸಕ್ಕೇ ಅಡ್ಡಿಯಾದರೆ ಅದನ್ನು ಪರೀಕ್ಷಿಸಲೇಬೇಕು. ಈಕೆಗೆ ಎರಡು ವಾರ ಯಾವಾಗಲೋ ದಾಟಿದೆ.

ನಿವೃತ್ತ ಉಪನ್ಯಾಸಕ, ತುಮಕೂರು:
ವೈದ್ಯರನ್ನು ಕಾಣಬಾರದು ಎಂಬ ಅರ್ಥ ನನ್ನ ಮಾತಿನಿಂದ ಬರುವುದಾದರೆ ಅದು ನನ್ನ ಉದ್ದೇಶವಲ್ಲ. ಹೋಗಲಿ, ಬೇಗನೆ ಹೋಗಲಿ. ಮನೆಯ ವಿಷಯದಲ್ಲಿ ಮಾತ್ರ ನನ್ನ ನಿಲುವು ಬದಲಾಗದು. ಅಪ್ಪನಿಗೆ ಇಂದು ಹೇಳಲಾಗದಿದ್ದರೆ ಚಿಕ್ಕಮ್ಮನೋ ಸೋದರಮಾವನೋ ಅಕ್ಕನೋ, ರಕ್ತಸಂಬಂಧದ ಒಬ್ಬರಿಗೆ ಮೊದಲ ಭೇಟಿಗೆ ಮುಂಚೆಯೇ ತಿಳಿದಿರಲಿ.

ಮನೋವೈದ್ಯ, ಮೈಸೂರು:
ತಿಳಿದಿದ್ದರೆ ಒಳ್ಳೆಯದು, ಆದರೆ ‘ಮುಂಚೆಯೇ’ ಎಂಬುದನ್ನು ನಾನು ಒಪ್ಪುವುದಿಲ್ಲ. ಹೇಳುವ ಧೈರ್ಯ ಬರುವವರೆಗೆ ಭೇಟಿ ಮುಂದೂಡಿದವರನ್ನು ನಾನು ಕಾಯಿಲೆ ಉಲ್ಬಣಿಸಿದ ಮೇಲೆಯೇ ನೋಡಿದ್ದೇನೆ. ಮೊದಲು ಭೇಟಿಯಾಗಲಿ, ಮನೆಯವರಿಗೆ ಹೇಗೆ ಹೇಳಬೇಕೆಂಬುದನ್ನು ಅಲ್ಲಿಯೇ ವೈದ್ಯರೊಂದಿಗೆ ಚರ್ಚಿಸಬಹುದು. ರೋಗಿ ಬಯಸಿದರೆ ಹೆತ್ತವರನ್ನು ಕರೆಸಿ ನಾವೇ ವಿವರಿಸುತ್ತೇವೆ. ಮಗಳ ಬಾಯಿಂದ ಕೇಳಿದಾಗ ಗಾಬರಿಯಾಗುವ ತಂದೆ, ವೈದ್ಯರೆದುರು ಕೂತು ಅದನ್ನೇ ಕೇಳಿದಾಗ ಮುಂದೇನು ಮಾಡಬೇಕೆಂದು ವಿಚಾರಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಎರಡು ಮಕ್ಕಳ ತಾಯಿ:
ಹಾಗೆ ಯಾರಾದರೂ ನನ್ನನ್ನು ಕರೆಸಿ ಹೇಳಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಮಗಳೇ, ಅಮ್ಮನನ್ನು ಎರಡನೇ ಭೇಟಿಗಾದರೂ ಕರೆದುಕೊಂಡು ಹೋಗು.

ಹೇಮಾವತಿ ತೀರ:
ಎಲ್ಲರಿಗೂ ವಂದನೆಗಳು. ನನ್ನ ಚಿಕ್ಕಮ್ಮ ಬೆಂಗಳೂರಿನಲ್ಲಿಯೇ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಈಗ ಫೋನ್ ಮಾಡಿ ವಿಷಯ ಹೇಳಿದೆ. ತುಂಬಾ ಹೊತ್ತು ಮಾತನಾಡಿದರು, ಸೋಮವಾರ ರಜೆ ಹಾಕಿ ನನ್ನ ಜೊತೆ ಬರುತ್ತಾರಂತೆ. ಅಪ್ಪನಿಗೆ ಹೇಳುವುದನ್ನು ವೈದ್ಯರನ್ನು ಕಂಡ ಮೇಲೆ ನಿರ್ಧರಿಸುತ್ತೇನೆ. ಹಾಜರಾತಿಯ ವಿಷಯಕ್ಕೆ ಪ್ರಮಾಣಪತ್ರ ಕೇಳಿದರೆ ಅದರಲ್ಲಿ ಕಾಯಿಲೆಯ ಹೆಸರು ಬರೆಯಲೇಬೇಕೇ?

ಮನೋವೈದ್ಯ, ಮೈಸೂರು:
‘ಚಿಕಿತ್ಸೆಯಲ್ಲಿದ್ದಾರೆ, ಇಂಥ ದಿನದಿಂದ ಇಂಥ ದಿನದವರೆಗೆ ವಿಶ್ರಾಂತಿಯ ಅಗತ್ಯವಿತ್ತು’ ಎಂದಷ್ಟೇ ಬರೆದುಕೊಡುವಂತೆ ನೀವು ಕೇಳಬಹುದು. ಕಾಲೇಜು ಇನ್ನೂ ವಿವರ ಕೇಳಿದರೆ ನಿಮ್ಮ ಒಪ್ಪಿಗೆಯ ಮೇಲೆಯೇ ಕೊಡಬೇಕಾಗುತ್ತದೆ. ಸೋಮವಾರ ಬೆಳಿಗ್ಗೆ ಬೇಗ ಹೋಗಿ, ಸರ್ಕಾರಿ ಆಸ್ಪತ್ರೆಯಾದರೆ ಸರದಿ ಉದ್ದವಿರುತ್ತದೆ. ಗುರುತಿನ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಬೇರೆ ಔಷಧಿಗಳಿದ್ದರೆ ಅವುಗಳ ಚೀಟಿ ಇಟ್ಟುಕೊಳ್ಳಿ. ಇಲ್ಲಿ ಬರೆದ ಮೊದಲ ಸಂದೇಶವನ್ನು ಹಾಗೆಯೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ವೈದ್ಯರ ಮುಂದೆ ಮಾತು ಹೊರಡದಿದ್ದರೆ ಅದನ್ನೇ ಕೊಡಿ, ಸಾಕು.