ವಕೀಲರನ್ನು ಕೇಳಿ: ಚೆಕ್ಕು, ಬಾಡಿಗೆ, ಪಾಲು

ಅಡ್ಮಿನ್: ಇವತ್ತು, ಜೂನ್ 14ರ ಭಾನುವಾರ, ನಮ್ಮ ಗುಂಪಿನ ವಕೀಲೆ ಮೇಡಂ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಮಂಗಳೂರು, ಉಡುಪಿ ಎರಡೂ ಕಡೆ ಸಿವಿಲ್ ಮತ್ತು ಚೆಕ್ ಕೇಸು ನಡೆಸುವವರು. ಎದುರು ಪಾರ್ಟಿಯ ಹೆಸರು, ಫೋನ್ ನಂಬರ್ ಹಾಕಬೇಡಿ. ತಾರೀಕು ಮಾತ್ರ ಸರಿಯಾಗಿ ಹಾಕಿ.

ಪಡುಬಿದ್ರಿ ಅಕ್ಕ: ನಮಸ್ತೆ ಮೇಡಂ. ನಮ್ಮದು ಸಣ್ಣ ಹಾರ್ಡ್‌ವೇರ್ ಅಂಗಡಿ. ಸಾಮಾನಿನ ಬಾಬ್ತು ಒಬ್ಬ ಕಂಟ್ರಾಕ್ಟರ್ 5 ಲಕ್ಷದ ಚೆಕ್ಕು ಕೊಟ್ಟಿದ್ದರು, ಚೆಕ್ಕಿನ ತಾರೀಕು ಏಪ್ರಿಲ್ 10. ಆಮೇಲೆ ಎರಡು ಸಲ ಗೂಗಲ್ ಪೇಯಲ್ಲಿ ಒಟ್ಟು ಒಂದೂವರೆ ಲಕ್ಷ ಹಾಕಿದರು. ಬಾಕಿ ಬರಲೇ ಇಲ್ಲ. ಚೆಕ್ಕು ಬ್ಯಾಂಕಿಗೆ ಹಾಕಿದೆವು, ಜೂನ್ 3ಕ್ಕೆ ಹಣ ಸಾಲದು ಎಂದು ಮೆಮೊ ಬಂತು. ನೋಟಿಸ್ 5 ಲಕ್ಷಕ್ಕೇ ಕಳಿಸುವುದಾ, ಮೂರೂವರೆ ಲಕ್ಷಕ್ಕಾ? ಚೆಕ್ಕಿನಲ್ಲಿ ಇರುವಷ್ಟಕ್ಕೇ ಕಳಿಸಿ ಅಂತ ಪರಿಚಯದವರು ಹೇಳಿದ್ದಾರೆ.

ವಕೀಲೆ: ಅಕ್ಕಾ, ಯಾವುದನ್ನೂ ಕಳಿಸಬೇಡಿ, ಮೊದಲು ಇದನ್ನು ಪೂರ್ತಿ ಓದಿ. ಚೆಕ್ಕು ಬರೆದು ಕೊಟ್ಟ ಮೇಲೆ, ಬ್ಯಾಂಕಿಗೆ ಹಾಕುವ ಮೊದಲು ಸ್ವಲ್ಪ ಹಣ ಬಂದಿದ್ದರೆ ಆ ಚೆಕ್ಕನ್ನು ಪೂರ್ತಿ ಮೊತ್ತಕ್ಕೆ ಹಾಕುವ ಹಾಗಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಚೆಕ್ಕು ಹಾಕಿದ ದಿನ ಅವರು ನಿಮಗೆ ಕೊಡಬೇಕಾದದ್ದು ಮೂರೂವರೆ ಲಕ್ಷ, ಚೆಕ್ಕಿನಲ್ಲಿ ಇರುವುದು ಐದು ಲಕ್ಷ. ಹಾಗಾಗಿ ಸೆಕ್ಷನ್ 138ರ, ಅಂದರೆ ಚೆಕ್ ಬೌನ್ಸಿನ, ಅಪರಾಧವೇ ಆಗುವುದಿಲ್ಲ. 5 ಲಕ್ಷಕ್ಕೆ ನೋಟಿಸ್ ಕೊಟ್ಟರೆ ಎದುರಿನವರು ಗೂಗಲ್ ಪೇ ಸ್ಟೇಟ್‌ಮೆಂಟ್ ಹಾಜರುಪಡಿಸುತ್ತಾರೆ, ಅಲ್ಲಿಗೆ ಕೇಸು ಬಿತ್ತು. ಅದೇ ಚೆಕ್ಕಿನ ಮೇಲೆ ಮೂರೂವರೆ ಲಕ್ಷಕ್ಕೆ ನೋಟಿಸ್ ಕೊಟ್ಟರೂ ಈ ದೋಷ ಹೋಗುವುದಿಲ್ಲ. ಎರಡು ವರ್ಷ ಅಲೆದಾದ ಮೇಲೆ ಇದು ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ.

ನಿಮಗೆ ಇನ್ನೂ ದಾರಿ ಉಂಟು, ಯಾಕೆಂದರೆ ನೋಟಿಸ್ ಹೋಗಿಲ್ಲ, ಚೆಕ್ಕಿಗೆ ಜುಲೈ 9ರ ತನಕ ಜೀವ ಉಂಟು. ಒಳ್ಳೆಯ ದಾರಿ ಅಂದರೆ ಮೂರೂವರೆ ಲಕ್ಷಕ್ಕೆ ಹೊಸ ಚೆಕ್ಕು ತೆಗೆದುಕೊಳ್ಳುವುದು. ಅವರು ಒಪ್ಪದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 56ರ ಪ್ರಕಾರ ಚೆಕ್ಕಿನ ಹಿಂಬದಿಯಲ್ಲಿ "ಈ ಚೆಕ್ಕಿನ ಬಾಬ್ತು 1,50,000 ರೂ. ಸಂದಿದೆ, ಬಾಕಿ 3,50,000 ರೂ. ಮಾತ್ರ" ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿ ಜುಲೈ 9ರೊಳಗೆ ಪುನಃ ಹಾಕುವುದು. ಇದರಲ್ಲಿ ತೊಂದರೆ ಬರುವುದು ಬ್ಯಾಂಕಿನಲ್ಲಿ. ಈಗ ಕ್ಲಿಯರಿಂಗ್ ನಡೆಯುವುದು ಚೆಕ್ಕಿನ ಸ್ಕ್ಯಾನ್ ನೋಡಿ, ಮುಂಬದಿಯ ಮೊತ್ತ ಬಿಟ್ಟು ಬೇರೆ ಮೊತ್ತಕ್ಕೆ ಹಾಕಲು ಶಾಖೆಯವರು ಹಿಂದೇಟು ಹಾಕುತ್ತಾರೆ. ಹಾಗಾಗಿ ಮ್ಯಾನೇಜರಿಗೆ ಪತ್ರ ಕೊಟ್ಟೇ ಹಾಕಿ, ಪತ್ರದ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬರೆಯುವ ಮೊದಲು ಚೆಕ್ಕಿನ ಎರಡೂ ಬದಿಯ ಜೆರಾಕ್ಸ್ ಇಟ್ಟುಕೊಳ್ಳಿ. ಎರಡೂ ಆಗದಿದ್ದರೆ ಬಾಕಿ ಹಣಕ್ಕೆ ಸಿವಿಲ್ ದಾವೆ, ಅದಕ್ಕೆ ಮೂರು ವರ್ಷ ಸಮಯ ಉಂಟು. ಬಿಲ್ಲು, ಡೆಲಿವರಿ ಚೀಟಿ, ಜಿಎಸ್‌ಟಿ ರಿಟರ್ನ್ ಈಗಲೇ ಒಟ್ಟು ಮಾಡಿ.

ಕುಡ್ಲದ ಮಗೆ: ಮೇಡಂ, ನನ್ನ ಫ್ರೆಂಡಿನ ಚೆಕ್ ಬೌನ್ಸ್ ಆಗಿದೆ. ಎಷ್ಟು ದಿನ ಟೈಮ್ ಉಂಟು?

ವಕೀಲೆ: ಮೆಮೊ ಕೈಗೆ ಬಂದ ದಿನ ಬಿಟ್ಟು 30 ದಿನದೊಳಗೆ ನೋಟಿಸ್. ನೋಟಿಸ್ ಅವರಿಗೆ ಮುಟ್ಟಿದ ಮೇಲೆ ಹಣ ಕೊಡಲು 15 ದಿನ. ಆ 15 ದಿನ ಮುಗಿದ ಮೇಲೆ ದೂರು ಹಾಕಲು ಒಂದು ತಿಂಗಳು. ಉದಾಹರಣೆಗೆ, ಮೆಮೊ ಜೂನ್ 3ಕ್ಕೆ ಬಂದರೆ ನೋಟಿಸಿಗೆ ಕೊನೆಯ ದಿನ ಜುಲೈ 3. ಜುಲೈ 8ಕ್ಕೆ ಮುಟ್ಟಿದರೆ 15 ದಿನ ಮುಗಿಯುವುದು ಜುಲೈ 23ಕ್ಕೆ. ದೂರು ಆಗಸ್ಟ್ 23ರ ಆಚೆ ಹೋಗಬಾರದು. ದೂರು ತಡವಾದರೆ ಕಾರಣ ಕೊಟ್ಟು ಕೋರ್ಟಿನ ಮನ್ನಣೆ ಕೇಳಬಹುದು. ನೋಟಿಸೇ ತಡವಾದರೆ ಆ ಅವಕಾಶವೂ ಇಲ್ಲ. ಸ್ಪೀಡ್ ಪೋಸ್ಟಿನ ಟ್ರ್ಯಾಕಿಂಗ್ ಪುಟ ಮುಟ್ಟಿದ ವಾರವೇ ಪ್ರಿಂಟ್ ತೆಗೆಯಿರಿ, ಕೆಲವು ಸಮಯ ಕಳೆದರೆ ವೆಬ್‌ಸೈಟಿನಲ್ಲಿ ಸಿಗುವುದಿಲ್ಲ.

ಬಂಟ್ವಾಳ: ಚೆಕ್ಕು ಕೊಟ್ಟವ ಬೆಂಗಳೂರಿನಲ್ಲಿದ್ದಾನೆ. ಕೇಸು ಅಲ್ಲಿಗೆ ಹೋಗಿ ಹಾಕಬೇಕಾ?

ವಕೀಲೆ: ಬೇಡ. ನಿಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟು. 2015ರ ತಿದ್ದುಪಡಿಯಿಂದ ಹಾಗೆ.

ಮುಲ್ಕಿ: ಹೆದ್ದಾರಿಯಲ್ಲಿ ಬೈಕಿಗೆ ಟೆಂಪೊ ಹೊಡೆದು ತಮ್ಮನ ಕಾಲು ಮುರಿದಿದೆ. ಟೆಂಪೊ ಕೇರಳದ್ದು. ಕೇಸು ಕೇರಳದಲ್ಲಾ?

ವಕೀಲೆ: ಅಪಘಾತ ಆದ ಜಾಗ ಅಥವಾ ನೀವು ವಾಸ ಇರುವ ಜಾಗ, ಎಲ್ಲಿ ಬೇಕಾದರೂ ಹಾಕಬಹುದು. ಅಪಘಾತ ಆದ ದಿನದಿಂದ 6 ತಿಂಗಳೊಳಗೆ ಹಾಕಿ. ಎಫ್‌ಐಆರ್, ಸ್ಥಳ ಮಹಜರು, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಮೆಡಿಕಲ್ ಬಿಲ್ಲುಗಳ ಅಸಲು ಬೇಕು. ಟೆಂಪೊದ ಪಾಲಿಸಿ ಅಪಘಾತದ ದಿನ ಚಾಲ್ತಿಯಲ್ಲಿತ್ತಾ ಎಂಬುದನ್ನು ಮೊದಲು ನೋಡಿ. ಇನ್ಶೂರೆನ್ಸಿನ ಕಡೆಯವರು ಆಸ್ಪತ್ರೆಗೇ ಬಂದು ಖಾಲಿ ಕಾಗದಕ್ಕೆ ಸಹಿ ಕೇಳಿದರೆ ಹಾಕಬೇಡಿ.

ಬ್ರಹ್ಮಾವರ: ಮೇಡಂ, ನಮ್ಮ ಕುಮ್ಕಿ ಜಾಗಕ್ಕೆ (ನಮ್ಮ ವರ್ಗ ಜಾಗಕ್ಕೆ ತಾಗಿ ನಾವು ಅನುಭವಿಸುವ ಸರ್ಕಾರಿ ಜಾಗ) ಪಕ್ಕದವರು ಬೇಲಿ ಹಾಕಿದ್ದಾರೆ. ಎಂತ ಮಾಡುವುದು?

ಕಾಪು: ಇದು ನಮಗೆ ತುಂಬಾ ಕಷ್ಟದ ವಿಷಯ ಮೇಡಂ. ನಾವು ಬಂಟರು. ಅಕ್ಕ ಐದು ತಿಂಗಳ ಹಿಂದೆ ತೀರಿಕೊಂಡರು. ವಿಲ್ ಮಾಡಿರಲಿಲ್ಲ. ಅವರ ಹೆಸರಲ್ಲಿ ಮಂಗಳೂರಿನಲ್ಲಿ ಒಂದು ಫ್ಲ್ಯಾಟ್, ಬ್ಯಾಂಕಿನಲ್ಲಿ ಎಫ್‌ಡಿ ಉಂಟು, ಎರಡೂ ಅವರ ದುಡಿಮೆಯದ್ದು. ಭಾವ ಇದ್ದಾರೆ, 15 ವರ್ಷದ ಮಗ ಇದ್ದಾನೆ, ನಮ್ಮ ಅಮ್ಮನೂ ಇದ್ದಾರೆ. ಎಫ್‌ಡಿಗೆ ನಾಮಿನಿ ಭಾವ. ಫ್ಲ್ಯಾಟ್ ಮಾರಬೇಕು, ಅಮ್ಮ ರಿಲೀಸ್ ಡೀಡಿಗೆ (ಹಕ್ಕು ಬಿಟ್ಟುಕೊಡುವ ಪತ್ರ) ಸಹಿ ಹಾಕಬೇಕು ಅಂತ ಭಾವ ಹೇಳುತ್ತಿದ್ದಾರೆ. ಬರುವ ವಾರ ರಿಜಿಸ್ಟ್ರಾರ್ ಆಫೀಸಿಗೆ ಬರ್ಲಿಕ್ಕೆ ಹೇಳಿದ್ದಾರೆ. ಹಾಕಬಹುದಾ?

ವಕೀಲೆ: ಹಾಕಬಾರದು. ಅಮ್ಮನಿಗೆ ಇವತ್ತೇ ಹೇಳಿ.

ಎಲ್ಲರೂ ಅಂದುಕೊಳ್ಳುವುದು ಹೆಂಡತಿ ತೀರಿಕೊಂಡರೆ ಗಂಡ ಮತ್ತು ಮಕ್ಕಳಿಗೆ ಸಮಪಾಲು ಎಂದು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಸೆಕ್ಷನ್ 15ರಲ್ಲಿ ಇರುವುದೂ ಅದೇ. ಆದರೆ ಅದೇ ಕಾಯ್ದೆಯ ಸೆಕ್ಷನ್ 17 ಬಂಟರಂಥ ಅಳಿಯಕಟ್ಟಿನವರಿಗೆ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದವರಿಗೆ, ಈ ಕ್ರಮವನ್ನೇ ಬದಲಿಸುತ್ತದೆ. ಅಳಿಯಸಂತಾನಕ್ಕೆ ಸೇರಿದ ಹೆಂಗಸು ವಿಲ್ ಮಾಡದೆ ತೀರಿಕೊಂಡರೆ ಮೊದಲ ಸಾಲಿನಲ್ಲಿ ಬರುವವರು ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಆಕೆಯ ತಾಯಿ. ಗಂಡ ಬರುವುದು ಎರಡನೇ ಸಾಲಿನಲ್ಲಿ, ಆಕೆಯ ತಂದೆಯ ಜೊತೆ. ಮೊದಲ ಸಾಲಿನಲ್ಲಿ ಒಬ್ಬರಿದ್ದರೂ ಎರಡನೇ ಸಾಲಿಗೆ ಏನೂ ಹೋಗುವುದಿಲ್ಲ. ಅಂದರೆ ಫ್ಲ್ಯಾಟಿನಲ್ಲಿ ಅರ್ಧ ನಿಮ್ಮ ಅಮ್ಮನದ್ದು, ಅರ್ಧ ಆ ಹುಡುಗನದ್ದು. ಎಫ್‌ಡಿಯೂ ಹಾಗೆಯೇ.

ಇನ್ನು ಆ ರಿಲೀಸ್ ಡೀಡ್. ರಿಲೀಸ್ ಎನ್ನುವುದು ಜಂಟಿ ಹಕ್ಕುದಾರರ ನಡುವಿನ ಪತ್ರ. ಪಾಲೇ ಇಲ್ಲದ ಅಳಿಯನ ಹೆಸರಿಗೆ ಬರೆದರೆ ಅದು ದಾನ ಅಥವಾ ಕ್ರಯ ಆಗುತ್ತದೆ, ಸ್ಟ್ಯಾಂಪ್ ಡ್ಯೂಟಿಯ ಲೆಕ್ಕವೂ ಬೇರೆ. ಅಮ್ಮನಿಗೆ ಮೊಮ್ಮಗನಿಗೇ ಕೊಡುವ ಮನಸ್ಸಿದ್ದರೆ ಮೊಮ್ಮಗನ ಹೆಸರಿಗೆ ಬರೆಯಲಿ, ಇಲ್ಲವೇ ವಿಲ್ ಮಾಡಲಿ.

ಹುಡುಗನ ಅರ್ಧದ ಬಗ್ಗೆ ನನಗೆ ಹೆಚ್ಚು ಚಿಂತೆ. ಅವನಿಗೆ 15. ತಂದೆ ಸಹಜ ಪಾಲಕ ಹೌದು, ಆದರೆ ಅಪ್ರಾಪ್ತನ ಸ್ಥಿರಾಸ್ತಿಯನ್ನು ಕೋರ್ಟಿನ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ, ಅದು ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ ಸೆಕ್ಷನ್ 8. ಮಾರಿದರೂ ಹುಡುಗ 18 ತುಂಬಿ ಮೂರು ವರ್ಷದೊಳಗೆ ಆ ಕ್ರಯ ರದ್ದು ಕೇಳಬಹುದು. ಇದು ಗೊತ್ತಿರುವ ಯಾವ ಬ್ಯಾಂಕೂ ಆ ಫ್ಲ್ಯಾಟಿಗೆ ಸಾಲ ಕೊಡುವುದಿಲ್ಲ.

ಎಫ್‌ಡಿ ವಿಷಯದಲ್ಲಿ ಬ್ಯಾಂಕಿಗೆ ಆಕ್ಷೇಪಣೆ ಪತ್ರ ಕೊಟ್ಟು ಕೂರಬೇಡಿ. ನಾಮಿನಿಗೆ ಕೊಟ್ಟರೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು, ಕೋರ್ಟಿನ ಆದೇಶ ಇಲ್ಲದೆ ಅವರು ಹಣ ತಡೆಯಬೇಕಾಗಿಲ್ಲ. ನಾಮಿನಿ ಆ ಹಣವನ್ನು ವಾರಸುದಾರರ ಪರವಾಗಿ ಹಿಡಿದುಕೊಂಡಿರುವವನು ಅಷ್ಟೆ. ತಡೆಯಬೇಕಾದರೆ ಪಾಲಿನ ದಾವೆ ಹಾಕಿ, ಅದರಲ್ಲೇ ಮಧ್ಯಂತರ ತಡೆಯಾಜ್ಞೆ ಕೇಳಬೇಕು. ಅಮ್ಮನಿಗೆ ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಸಹಾಯವಾಣಿ 15100. ಅಲ್ಲಿಂದಲೇ ಭಾವನನ್ನು ರಾಜಿ ಮಾತುಕತೆಗೆ ಕರೆಸಬಹುದು. ನನ್ನ ಪ್ರಕಾರ ಮೊದಲು ಅದೇ ಆಗಲಿ, ಆ ಹುಡುಗನಿಗೆ ಅಪ್ಪನೂ ಬೇಕು, ಅಜ್ಜಿಯೂ ಬೇಕು.

ಕುಂದಾಪುರ: ಮೇಡಂ ಕ್ಷಮಿಸಿ, ಅಳಿಯಕಟ್ಟು ರದ್ದಾಗಿ ಎಷ್ಟೋ ವರ್ಷ ಆಯ್ತು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಕಾಯ್ದೆಯ ಹೆಸರು ಸಮೇತ ಮೆಸೇಜ್ ಬಂದಿತ್ತು.

ವಕೀಲೆ: ಆ ಮೆಸೇಜಿನಲ್ಲಿ ಇರುವುದು ಕೇರಳದ 1975ರ ಕಾಯ್ದೆ. ಕರ್ನಾಟಕದಲ್ಲಿ ಅಂಥದ್ದು ಇಲ್ಲ. ಇಂಥ ಮೆಸೇಜ್ ಮುಂದೆ ಕಳಿಸುವ ಮೊದಲು ಯಾವ ರಾಜ್ಯದ್ದು ಎಂದಾದರೂ ನೋಡಿ. ಇದನ್ನು ನಂಬಿ ಆ ಅಮ್ಮ ಸಹಿ ಹಾಕಿದ್ದರೆ ಅರ್ಧ ಫ್ಲ್ಯಾಟ್ ಹೋಗುತ್ತಿತ್ತು.

ಕಾರ್ಕಳ: 1956ರ ನಂತರ ಹುಟ್ಟಿದವರಿಗೆ ಅಳಿಯಕಟ್ಟು ಎಲ್ಲಿಂದ ಬರುತ್ತದೆ? ಅಕ್ಕ ಹುಟ್ಟಿದ್ದೇ ಆಮೇಲೆ ಇರಬೇಕು.

ವಕೀಲೆ: "ಈ ಕಾಯ್ದೆ ಬಾರದೇ ಇದ್ದಿದ್ದರೆ ಅಳಿಯಸಂತಾನ ಕಾನೂನಿಗೆ ಒಳಪಡುತ್ತಿದ್ದವರು" ಎಂಬ ಅರ್ಥದಲ್ಲಿ ಸೆಕ್ಷನ್ ಬರೆದಿದ್ದಾರೆ. ಹುಟ್ಟಿದ ವರ್ಷದ ಮಾತು ಅಲ್ಲಿ ಇಲ್ಲ. ಆದರೆ ಕುಟುಂಬ ಅಳಿಯಕಟ್ಟಿನದ್ದು ಎಂಬುದಕ್ಕೆ ದಾಖಲೆ ಬೇಕು: ಕುಟುಂಬದ ಹಳೆಯ ಪಾಲುಪಟ್ಟಿ, ಹಿಂದಿನ ದಾವೆಯ ಡಿಕ್ರಿ, ತಾಯಿಯ ಕಡೆಯಿಂದ ಬಂದ ಬಳಿ (ಕುಲದ ಹೆಸರು). ಕಾಪುವಿನವರು ಇದನ್ನು ಈಗಲೇ ಹುಡುಕಿಡಿ.

ಬೈಂದೂರು: ಗಂಡ ಲೋನ್ ಕಟ್ಟಿದ್ದರೆ? ಅವನಿಗೆ ಒಂದು ಪೈಸೆ ಇಲ್ಲ ಅಂದ್ರೆ ಇದು ನ್ಯಾಯವಾ ಮಾರಾಯ್ರೇ?

ಕಾರ್ಕಳ: ಹೆತ್ತ ತಾಯಿಗೆ ಪಾಲು ಸಿಕ್ಕಿದರೆ ಅನ್ಯಾಯವಾ? ನಿಮಗೆ ಗಂಡಸರ ಪಾಲು ಹೋದಾಗ ಮಾತ್ರ ನ್ಯಾಯ ನೆನಪಾಗುವುದು.

ಬೈಂದೂರು: ನಾನು ಗಂಡಸು ಹೆಂಗಸು ಅಂತ ಹೇಳಲಿಲ್ಲ. ನೀವು ಸರಿ ಓದಿ ಮಾತಾಡಿ.

ಕುಂದಾಪುರ: ತಂದೆಯ ಕಡೆಯಿಂದ ವಂಶ ಎಣಿಸುವ ಮಕ್ಕಳಕಟ್ಟಿನವರಿಗೆ ಈ ತಲೆನೋವೇ ಇಲ್ಲ.

ಕಾರ್ಕಳ: ಹಾಗಾದರೆ ನೀವು ಈ ಚರ್ಚೆಯಿಂದ ದೂರ ಇರಿ.

ವಕೀಲೆ: ಬೈಂದೂರಿನವರ ಪ್ರಶ್ನೆಗೆ ಮಾತ್ರ. ಗಂಡ ಕಂತು ಕಟ್ಟಿದ್ದರೆ ಅದನ್ನು ಬೇರೆಯಾಗಿ ವಾದಿಸಬಹುದು. ಗಂಡ ತನ್ನ ಗೊತ್ತಾದ ಆದಾಯದಿಂದ ಹೆಂಡತಿಯ ಹೆಸರಲ್ಲಿ ಕೊಂಡರೆ ಅದು ಬೇನಾಮಿ ಅಲ್ಲ. ಆದರೆ ಸಾಬೀತು ಮಾಡುವ ಹೊರೆ ಅವನದ್ದು, ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಇಲ್ಲಿ ಅಕ್ಕನ ದುಡಿಮೆ ಎಂದು ಹೇಳಿದ್ದಾರೆ.

ಸುರತ್ಕಲ್: ಬಾಡಿಗೆ ಮನೆ ಬಿಟ್ಟು ಎರಡು ತಿಂಗಳಾಯ್ತು. ಓನರ್ ಪೈಂಟಿಂಗ್ ಖರ್ಚು ಅಂತ ಅಡ್ವಾನ್ಸ್ ಕೊಡುತ್ತಿಲ್ಲ.

ವಕೀಲೆ: ಎಗ್ರಿಮೆಂಟಿನಲ್ಲಿ ಪೈಂಟಿಂಗ್ ಬಗ್ಗೆ ಏನು ಬರೆದಿದೆ ನೋಡಿ. ಬರೆದಿದ್ದರೆ ಅಷ್ಟು ಕಡಿಯಬಹುದು, ಬಾಕಿ ಕೊಡಬೇಕು. ಬರೆದಿಲ್ಲದಿದ್ದರೆ ಸಹಜ ಸವೆತಕ್ಕೆ ಕಡಿಯುವ ಹಾಗಿಲ್ಲ. ಕೀ ಕೊಟ್ಟ ದಿನದ ಮೆಸೇಜ್, ಕೊನೆಯ ಕರೆಂಟ್ ಬಿಲ್, ಅಡ್ವಾನ್ಸ್ ಹಾಕಿದ ಬ್ಯಾಂಕ್ ಎಂಟ್ರಿ ಇಟ್ಟು ನೋಟಿಸ್ ಕೊಡಿ. ಹೆಚ್ಚಿನದ್ದು ನೋಟಿಸಿನಲ್ಲೇ ಮುಗಿಯುತ್ತದೆ.

ಕುಡ್ಲದ ಮಗೆ: 12 ವರ್ಷ ಬಾಡಿಗೆಗೆ ಇದ್ದರೆ ಮನೆ ಬಾಡಿಗೆಯವನದ್ದೇ ಆಗುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿದೆ ಅಲ್ವಾ? ಫಾರ್ವರ್ಡ್ ಬಂದಿದೆ, ಹಾಕುತ್ತೇನೆ.

ವಕೀಲೆ: ಹಾಕಬೇಡಿ. ಬಾಡಿಗೆಯವನು ಇರುವುದು ಓನರಿನ ಅನುಮತಿಯಿಂದ. ಅನುಮತಿಯಿಂದ ಎಷ್ಟು ವರ್ಷ ಇದ್ದರೂ ಮಾಲೀಕತ್ವ ಬರುವುದಿಲ್ಲ. ಇದನ್ನು ನಂಬಿ ಓನರುಗಳು ಹೆದರಿ ವಯಸ್ಸಾದವರನ್ನು ಮನೆಯಿಂದ ಎಬ್ಬಿಸುತ್ತಿದ್ದಾರೆ.

ಮೂಡುಬಿದಿರೆ: ಚೆಕ್ ಕೇಸಿನ ನೋಟಿಸ್ ಪೋಸ್ಟ್‌ಮ್ಯಾನ್ ತಂದಾಗ ತೆಗೆದುಕೊಳ್ಳದಿದ್ದರೆ ಕೇಸೇ ನಿಲ್ಲುವುದಿಲ್ಲವಂತೆ? ಚೆಕ್ಕಿಗೆ ಹಣ ಕೊಡಬೇಡಿ ಅಂತ ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಕೊಟ್ಟರೂ ಆಗುತ್ತದಂತೆ?

ವಕೀಲೆ: ಎರಡೂ ಸುಳ್ಳು. ಸರಿಯಾದ ವಿಳಾಸಕ್ಕೆ ಕಳಿಸಿದ ನೋಟಿಸ್ ನಿರಾಕರಿಸಿದರೆ ಮುಟ್ಟಿದ ಹಾಗೆಯೇ ಲೆಕ್ಕ. ಸ್ಟಾಪ್ ಪೇಮೆಂಟ್, ಖಾತೆ ಮುಚ್ಚಿದ್ದು, ಎರಡಕ್ಕೂ 138 ಬರುತ್ತದೆ. ಎರಡು ವರ್ಷದ ತನಕ ಜೈಲು, ಚೆಕ್ಕಿನ ಎರಡು ಪಟ್ಟು ತನಕ ದಂಡ. ಈ ಉಪಾಯ ಹೇಳಿಕೊಟ್ಟವರು ಜೈಲಿಗೆ ಹೋಗುವುದಿಲ್ಲ, ನೀವು ಹೋಗುತ್ತೀರಿ.

ಬೈಂದೂರು: ಸಹಿ ಮಾತ್ರ ಹಾಕಿದ ಖಾಲಿ ಚೆಕ್ಕು ಫೈನಾನ್ಸಿನವರಲ್ಲಿ ಉಂಟು. ನಾನು ಬರೆದದ್ದಲ್ಲ ಅಂತ ಹೇಳಬಹುದಲ್ಲ?

ವಕೀಲೆ: ಸಹಿ ನಿಮ್ಮದಾದರೆ ಅದೊಂದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕಟ್ಟಿದ ಕಂತಿನ ರಸೀದಿಗಳನ್ನು ಇಟ್ಟುಕೊಳ್ಳಿ.

ಉಳ್ಳಾಲ: ಚೆಕ್ ಬೌನ್ಸಿಗೆ ಎಷ್ಟು ದಿನ ಸಮಯ ಉಂಟು ಮೇಡಂ?

ವಕೀಲೆ: ಮೇಲೆ ನೋಡಿ.

ಬ್ರಹ್ಮಾವರ: ನನ್ನ ಕುಮ್ಕಿ ಪ್ರಶ್ನೆ?

ಉಳ್ಳಾಲ: ಮೇಲೆ ಎಲ್ಲಿ? ಬರೀ ಜಗಳವೇ ಕಾಣುತ್ತಿದೆ.

ಕಾರ್ಕಳ: ಜಗಳ ಯಾರು ಸುರು ಮಾಡಿದ್ದು ಅಂತಲೂ ನೋಡಿ.

ಅಡ್ಮಿನ್: ಕಾರ್ಕಳ, ಬೈಂದೂರು, ಕುಂದಾಪುರ ಮೂವರೂ ಸಾಕು. ಇನ್ನೊಂದು ಮಾತು ಬಂದರೆ ತೆಗೆದು ಹಾಕುತ್ತೇನೆ. ಉಳ್ಳಾಲದವರು ಕುಡ್ಲದ ಮಗೆ ಅವರ ಮೊದಲ ಪ್ರಶ್ನೆಯ ಕೆಳಗೆ ನೋಡಿ.

ಪಡುಬಿದ್ರಿ ಅಕ್ಕ: ಮೇಡಂ, ಕಂಟ್ರಾಕ್ಟರಿಗೆ ಈಗ ಫೋನ್ ಮಾಡಿದೆ. ಮೂರೂವರೆ ಲಕ್ಷದ ಹೊಸ ಚೆಕ್ಕು ಕೊಡ್ತೇನೆ, ಆದ್ರೆ ಹಳೇ ಚೆಕ್ಕು ಮೊದಲು ವಾಪಸ್ ಕಳಿಸಿ ಅಂತಾರೆ.

ವಕೀಲೆ: ಮೊದಲು ಕಳಿಸಬೇಡಿ. ಒಂದೇ ಕಡೆ ಕೂತು ಹೊಸದು ಕೈಗೆ ಬಂದ ಮೇಲೆ ಹಳೆಯದು ಕೊಡಿ. ಹಳೆಯ ಚೆಕ್ಕು ಮತ್ತು ಬೌನ್ಸ್ ಮೆಮೊದ ಜೆರಾಕ್ಸ್ ನಿಮ್ಮಲ್ಲಿ ಇರಲಿ. ಹಳೆಯ ಚೆಕ್ಕಿನ ನಂಬರ್, ಬಂದ ಒಂದೂವರೆ ಲಕ್ಷ, ಬಾಕಿ ಮೂರೂವರೆ ಲಕ್ಷ, ಹೊಸ ಚೆಕ್ಕಿನ ನಂಬರ್ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅವರ ಸಹಿ, ತಾರೀಕು ಹಾಕಿಸಿ. ಆ ಹಾಳೆ ಮುಂದೆ ಸಿವಿಲ್ ದಾವೆಗೂ ಬೇಕಾಗುತ್ತದೆ. ಹೊಸ ಚೆಕ್ಕಿನ ತಾರೀಕು ಈ ತಿಂಗಳೊಳಗೇ ಇರಲಿ. ಅದೂ ಬೌನ್ಸ್ ಆದರೆ ನೋಟಿಸಿನಲ್ಲಿ ಸರಿಯಾಗಿ 3,50,000 ಎಂದೇ ಬರೆಯಬೇಕು, ಬಡ್ಡಿ ಕೇಳುವುದಾದರೆ ಬೇರೆ ಸಾಲಿನಲ್ಲಿ. ಜೂನ್ 30ರ ತನಕ ಅವರು ಬಾರದಿದ್ದರೆ ಹಿಂಬದಿ ಬರೆದು ಹಳೆಯದನ್ನೇ ಹಾಕಿ. ಜುಲೈ 9 ದಾಟಿದರೆ ಆ ಚೆಕ್ಕು ಬ್ಯಾಂಕಿನಲ್ಲಿ ನಡೆಯುವುದಿಲ್ಲ.